ಅಟ್ಟದ ಮೇಲಿನ ಅರ್ಜಿದಾರಳ ಪರವಾಗಿ

ಕಾನೂನು ಪದವಿಯ ರಾಷ್ಟ್ರೀಯ ಪ್ರವೇಶ ಪರೀಕ್ಷೆ ನಡೆಸುವ ಮಾನ್ಯರಿಗೆ,



ನಾನು ತಿಪಟೂರಿನ ನ್ಯಾಯಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ವಕೀಲಿ ಮಾಡಿಕೊಂಡಿರುವವಳು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕೋರ್ಟುಗಳಿಗೂ ವಾಯಿದೆ ಇದ್ದ ದಿನ ಹೋಗಿಬರುತ್ತೇನೆ. ನನ್ನ ಮೇಜಿನ ಮೇಲಿರುವ ಕಡತಗಳಲ್ಲಿ ಮುಕ್ಕಾಲುಪಾಲು ತೋಟದವು: ಪಾಲು, ಬದು, ದಾರಿ, ಬೋರ್‌ವೆಲ್ಲು, ಯಾರ ಹಿಡುವಳಿಯಲ್ಲಿ ಎಷ್ಟು ತೆಂಗಿನ ಮರ ಎಂಬ ಲೆಕ್ಕ. ಇವತ್ತು ಬರೆಯುತ್ತಿರುವುದು ಅವುಗಳ ಬಗ್ಗೆ ಅಲ್ಲ. ತುರುವೇಕೆರೆ ತಾಲ್ಲೂಕಿನಲ್ಲಿ, ಮಾಯಸಂದ್ರದ ಕಡೆಯ ಒಂದು ಹಳ್ಳಿಯಲ್ಲಿ ಬೆಳೆದ ನನ್ನ ಅಕ್ಕನ ಮಗಳ ಬಗ್ಗೆ. 2020ರಲ್ಲಿ, ಕೊರೊನಾದಿಂದ ಶಾಲೆ ಕಾಲೇಜುಗಳೆಲ್ಲ ಬಾಗಿಲು ಹಾಕಿದ್ದ ವರ್ಷ, ಅವಳು ಕಾನೂನು ಓದಬೇಕೆಂದು ಅರ್ಜಿ ಹಾಕಿದಳು.

ಅಷ್ಟು ಹಳೆಯ ಮಾತನ್ನು ಈಗೇಕೆ ಎತ್ತುತ್ತೀರಿ ಎಂದು ನೀವು ಕೇಳಬಹುದು. ಮೊನ್ನೆ ಅವಳು ನನ್ನ ಕಚೇರಿಯಲ್ಲೇ ಕೂತು ಅಖಿಲ ಭಾರತ ವಕೀಲರ ಪರೀಕ್ಷೆಯ ಅರ್ಜಿ ತುಂಬುತ್ತಿದ್ದಳು. ಯಾವ ಭಾಷೆಯಲ್ಲಿ ಬರೆಯುತ್ತೀರಿ ಎಂದು ಕೇಳುವ ಜಾಗ ಬಂತು. ಪಟ್ಟಿಯಲ್ಲಿ ಕನ್ನಡ ಇತ್ತು. ಅದನ್ನು ನೋಡಿ ಅವಳು ತಲೆಯೆತ್ತಿ, “ಚಿಕ್ಕಮ್ಮ, ವಕೀಲಿ ಮಾಡೋ ಪರೀಕ್ಷೆ ಕನ್ನಡದಲ್ಲಿ ಬರೀಬಹುದಂತೆ. ವಕೀಲಿ ಓದೋಕೆ ಸೇರೋ ಪರೀಕ್ಷೆ ಯಾಕೆ ಬರೆಯೋ ಹಂಗಿರಲಿಲ್ಲ?” ಅಂದಳು. ನನ್ನಲ್ಲಿ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನು ನಿಮಗೇ ತಲುಪಿಸೋಣವೆಂದು ಈ ಪತ್ರ.

ಮೊದಲಿಂದ ಹೇಳುತ್ತೇನೆ.

2020ರ ಮಾರ್ಚ್ 23, ಸೋಮವಾರ. ದ್ವಿತೀಯ ಪಿಯುಸಿಯ ಇಂಗ್ಲಿಷ್ ಪರೀಕ್ಷೆ ಆವತ್ತು ನಡೆಯಬೇಕಿತ್ತು. ನಮ್ಮ ಹುಡುಗಿಗೆ ಉಳಿದಿದ್ದದ್ದು ಅದೊಂದೇ ಪತ್ರಿಕೆ. ಹಿಂದಿನ ದಿನ ಜನತಾ ಕರ್ಫ್ಯೂ, ಪರೀಕ್ಷೆ ಮುಂದಕ್ಕೆ ಹೋಯಿತು. ಅದೇ ಮಾರ್ಚ್ 23ರಂದು ದೆಹಲಿಯಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಒಂದು ಆದೇಶ ಹೊರಡಿಸಿತು. ದೇಶದ ಯಾವ ನ್ಯಾಯಾಲಯದಲ್ಲೇ ಆಗಲಿ, ದಾವೆ, ಅರ್ಜಿ, ಮೇಲ್ಮನವಿ ಹಾಕಲು ಇರುವ ಕಾಲಮಿತಿಯನ್ನು ಮಾರ್ಚ್ 15ರಿಂದಲೇ ಮುಂದಕ್ಕೆ ವಿಸ್ತರಿಸಲಾಗಿದೆ ಎಂದಿತು. ಕಡೆಗೆ 2022ರ ಜನವರಿ 10ರ ಆದೇಶದಲ್ಲಿ, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅಷ್ಟೂ ದಿನಗಳನ್ನು ಲೆಕ್ಕದಿಂದಲೇ ತೆಗೆದುಹಾಕಿತು.

ವಕೀಲರಲ್ಲದವರಿಗೆ ಇದರ ತೂಕ ಗೊತ್ತಾಗಲಿಕ್ಕಿಲ್ಲ. ಹುಳಿಯಾರಿನ ಆಚೆಯಿಂದ ಬರುವ ನನ್ನ ಕಕ್ಷಿದಾರರೊಬ್ಬರಿಗೆ ಆಗಷ್ಟೇ ದಾವೆ ವಜಾ ಆಗಿತ್ತು. ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಲು 30 ದಿನ. ಬಸ್ಸಿಲ್ಲ, ತೀರ್ಪಿನ ನಕಲು ಕೊಡುವ ಕಚೇರಿ ತೆರೆದಿಲ್ಲ, ಎಪ್ಪತ್ತು ದಾಟಿದ ಮನುಷ್ಯ. ಫೋನಿನಲ್ಲಿ ಅವರಿಗೆ, “ಯಜಮಾನ್ರೇ, ನೀವು ಮನೇಲೇ ಇರಿ. ನಿಮ್ಮ ದಿನ ಓಡ್ತಾ ಇಲ್ಲ, ಕೋರ್ಟೇ ನಿಲ್ಲಿಸಿದೆ” ಎಂದು ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಬಾಗಿಲವರೆಗೆ ಬರಲಾಗದವನ ಮೇಲೆ ಗಡಿಯಾರ ಓಡಿಸಬಾರದು. ಇಪ್ಪತ್ತಾರು ವರ್ಷದಲ್ಲಿ ನಾನು ಕಂಡ ಅತ್ಯಂತ ಮಾನವೀಯ ಆದೇಶಗಳಲ್ಲಿ ಅದೊಂದು. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಅದೇ ತತ್ವವನ್ನು, ಅರ್ಜಿದಾರರಿಗೂ.

ನಮ್ಮ ಹುಡುಗಿಯ ಅಪ್ಪ, ಅಂದರೆ ನನ್ನ ಭಾವನ ಮನೆಯ ಹಿಂದೆ ಕೊಬ್ಬರಿ ಮನೆ ಇದೆ. ಕೆಳಗೆ ದನ ಕಟ್ಟುವ ಜಾಗ, ಮೇಲೆ ಅಡಿಕೆ ದಬ್ಬೆ ಹಾಸಿದ ಅಟ್ಟ. ಕೆಡವಿದ ಕಾಯನ್ನು ಸಿಪ್ಪೆ ಸಮೇತ ಅಲ್ಲಿ ರಾಶಿ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕಾಯಿ ಒಣಗಿ, ಕರಟದಿಂದ ತಾನೇ ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಸದ್ದು ಬರಬೇಕು. ಸದ್ದು ಬಾರದ ಕಾಯನ್ನು ಅವಸರಕ್ಕೆ ಒಡೆದರೆ ಮಂಡಿಯಲ್ಲಿ ಯಾರೂ ಮುಟ್ಟುವುದಿಲ್ಲ. ಆ ಇಡೀ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಅಟ್ಟದ ಮೂಡಲ ಮೂಲೆಯಲ್ಲಿ ಮಾತ್ರ, ಹೆಂಚಿನ ಸಂದಿಯ ಕೆಳಗೆ. ಹುಡುಗಿ ಏಣಿ ಹತ್ತಿ, ಕಾಯಿ ರಾಶಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಗೋಣಿಚೀಲ ಹಾಸಿಕೊಂಡು ಅಲ್ಲಿ ಕೂರುತ್ತಿದ್ದಳು. ಜೂನ್ ತಿಂಗಳಲ್ಲಿ ಒಂದು ದಿನ ನಾನು ಹೋದಾಗ ನೋಡಿದೆ: ಒಂದು ಕೈಯಲ್ಲಿ ಫೋನು, ಯಾರದೋ ಉಚಿತ ಪಾಠ ಕೇಳುತ್ತಿದ್ದಾಳೆ, ಇನ್ನೊಂದು ಕೈ ತನ್ನ ಪಾಡಿಗೆ ತಾನು ಒಂದೊಂದೇ ಕಾಯಿ ಎತ್ತಿ ಅಲ್ಲಾಡಿಸಿ, ಸದ್ದು ಬಂದದ್ದನ್ನು ಎಡಕ್ಕೆ, ಬಾರದ್ದನ್ನು ಬಲಕ್ಕೆ ಇಡುತ್ತಿದೆ. ಮಗಳು ಮೇಲೆ ಹೇಗೂ ಕೂತಿದ್ದಾಳಲ್ಲ ಎಂದು ಅಪ್ಪ ಒಪ್ಪಿಸಿದ್ದ ಕೆಲಸ ಅದು. ಮಧ್ಯೆ ಮಧ್ಯೆ ಸಿಗ್ನಲ್ ಹೋಗುತ್ತಿತ್ತು. ಆಗ ಅವಳು ಹೆಂಚಿನ ಸಂದಿಯ ಕಡೆ ಕೈ ಚಾಚಿ ಫೋನನ್ನು ಮೇಲಕ್ಕೆ ಹಿಡಿಯುತ್ತಿದ್ದಳು.

ಮಾರ್ಚ್ 23ರ ಇಂಗ್ಲಿಷ್ ಪರೀಕ್ಷೆ ನಡೆದದ್ದು ಜೂನ್ 18ಕ್ಕೆ. ಎಂಬತ್ತೇಳು ದಿನ ಆ ಒಂದು ಪಠ್ಯಪುಸ್ತಕ ಅವಳ ತಲೆದಿಂಬಿನ ಪಕ್ಕದಲ್ಲಿತ್ತು. ಫಲಿತಾಂಶ ಜುಲೈ 14ಕ್ಕೆ ಬಂತು. ಪ್ರಥಮ ದರ್ಜೆಯಲ್ಲಿ ಪಾಸಾದಳು.

ಇನ್ನು ನಿಮ್ಮ ಪರೀಕ್ಷೆ. ಕ್ಲಾಟ್ ಮೊದಲು ಗೊತ್ತಾಗಿದ್ದದ್ದು ಮೇ 10ಕ್ಕೆ. ಆಮೇಲೆ ಮೇ 24 ಎಂದಾಯಿತು, ಜೂನ್ 21 ಎಂದಾಯಿತು, ಆಗಸ್ಟ್ 22 ಎಂದಾಯಿತು, ಸೆಪ್ಟೆಂಬರ್ 7 ಎಂದಾಯಿತು, ಕಡೆಗೆ ಸೆಪ್ಟೆಂಬರ್ 28. ರೋಗ ಹರಡುತ್ತಿದ್ದಾಗ ಮುಂದೂಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಹೇಳಿದರೆ ಅದು ಅನ್ಯಾಯದ ಮಾತಾಗುತ್ತದೆ. ಆಗಸ್ಟ್ 22 ಆ ವರ್ಷದ ಗಣೇಶನ ಹಬ್ಬ. ಹಬ್ಬದ ದಿನ ಪರೀಕ್ಷೆ ಇಟ್ಟರಲ್ಲ ಎಂದು ಅಕ್ಕ ಬೇಜಾರು ಮಾಡಿಕೊಂಡಳು, ಅದು ದೊಡ್ಡ ವಿಷಯವಲ್ಲ. ಆದರೆ ಒಂದೊಂದು ದಿನಾಂಕ ಬದಲಾದಾಗಲೂ ಹಳ್ಳಿಯ ಮನೆಯಲ್ಲಿ ಏನಾಗುತ್ತದೆ ಎಂಬುದು ನಿಮಗೆ ಗೊತ್ತಿರಲಿ. ಬೆಂಗಳೂರಿಗೆ ಕರೆದುಕೊಂಡು ಹೋಗಲು ಒಪ್ಪಿದ್ದ ಕಾರಿನವನಿಗೆ ಮತ್ತೆ ಫೋನು. ಉಳಿದುಕೊಳ್ಳಲು ಜಾಗ ಕೊಡುತ್ತೇನೆಂದಿದ್ದ ನೆಂಟರಿಗೆ ಮತ್ತೆ ಸಂಕೋಚ. “ಈ ಹುಡುಗಿ ಏನು ಓದ್ತಾಳೋ, ಪರೀಕ್ಷೆ ಯಾವತ್ತು ಅಂತ್ಲೇ ಅವ್ರಿಗೆ ಗೊತ್ತಿಲ್ವಂತೆ” ಎಂದು ಅಜ್ಜಿಯ ಮಾತು. ಮನೆಗೆ ಬಂದುಹೋಗುವವರು ತರುವ ಗಂಡಿನ ಸುದ್ದಿ. ಪಟ್ಟಣದ ಹುಡುಗನಿಗೆ ಮುಂದೂಡಿಕೆ ಎಂದರೆ ಇನ್ನೊಂದು ತಿಂಗಳ ತರಬೇತಿ. ನಮ್ಮ ಹುಡುಗಿಯರಿಗೆ ಅದು ಮನೆಯವರ ಒಪ್ಪಿಗೆಯನ್ನು ಮತ್ತೊಮ್ಮೆ ಬೇಡಿ ಪಡೆಯುವ ಕೆಲಸ. ಅವಳು ಐದು ಸಲ ಪಡೆದಳು.

ಆ ನಡುವೆ ಆಗಸ್ಟ್ 11ರಂದು ಒಂದು ತೀರ್ಪು ಬಂತು. ವಿನೀತಾ ಶರ್ಮಾ ಪ್ರಕರಣ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲಿ ಬಿಡಲಿ, ಹಿಂದೂ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ನಮ್ಮ ಕರ್ನಾಟಕ 1994ರಲ್ಲೇ ತನ್ನದೇ ತಿದ್ದುಪಡಿ ಮಾಡಿತ್ತು, ಆದರೆ ಅದು ಆಗಿನ್ನೂ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಮಾತ್ರ ದಕ್ಕುತ್ತಿತ್ತು. ನನ್ನ ಕಪಾಟಿನಲ್ಲಿದ್ದ ಪಾಲು ದಾವೆಗಳ ಅರ್ಧದಷ್ಟು ಕಡತ ಆವತ್ತು ಸಂಜೆ ಬೇರೆಯೇ ಅರ್ಥ ಪಡೆದವು. ಹುಡುಗಿಗೆ ಫೋನು ಮಾಡಿ ತೀರ್ಪಿನ ಸಾರ ಕನ್ನಡದಲ್ಲಿ ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ: “ಅಂದ್ರೆ ಅಮ್ಮಂಗೂ ತಾತನ ತೋಟದಲ್ಲಿ ಬರುತ್ತಾ?” ಎರಡನೆಯದು: “ಮೊದ್ಲೇ ಬರೆದುಕೊಟ್ಟಿದ್ರೆ?” ಕಾನೂನು ಓದುವ ಬುದ್ಧಿ ಇದೆಯೇ ಎಂದು ಅಳೆಯುವುದು ಪ್ರವೇಶ ಪರೀಕ್ಷೆಯ ಕೆಲಸವಾದರೆ, ನನ್ನ ಮಟ್ಟಿಗೆ ಆ ಎರಡನೆಯ ಪ್ರಶ್ನೆಗೇ ಅವಳು ಪಾಸು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ವಿಭಾಗಗಳನ್ನು, ವಿಲೇವಾರಿಗಳನ್ನು ಆ ಕಾಯಿದೆ ಮುಟ್ಟುವುದಿಲ್ಲ ಎಂಬ ವಿನಾಯಿತಿಗೆ ಅವಳು ಪುಸ್ತಕ ನೋಡದೆ ನೇರ ಬಂದು ಕೂತಿದ್ದಳು.

ಸೆಪ್ಟೆಂಬರ್ 3ರ ಮಾತಿಗೆ ಬರುತ್ತೇನೆ. ಆವತ್ತು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ತಾನು ಕ್ಲಾಟ್‌ಗೆ ಕಾಯುವುದಿಲ್ಲ, ಎನ್‌ಎಲ್‌ಎಟಿ ಎಂಬ ತನ್ನದೇ ಪರೀಕ್ಷೆಯನ್ನು ಸೆಪ್ಟೆಂಬರ್ 12ಕ್ಕೆ ನಡೆಸುತ್ತೇನೆ ಎಂದು ಪ್ರಕಟಿಸಿತು. ನಡುವೆ ಒಂಬತ್ತು ದಿನ. ಅಭ್ಯರ್ಥಿ ಮನೆಯಲ್ಲೇ ಕೂತು, ಕ್ಯಾಮೆರಾ ಎದುರು, 45 ನಿಮಿಷದಲ್ಲಿ ಬರೆಯಬೇಕು. ಅವರಿಗೂ ಕಾರಣವಿತ್ತು. ಅಲ್ಲಿ ವರ್ಷಕ್ಕೆ ಮೂರು ಅವಧಿಗಳ ಪಾಠಕ್ರಮ. ಸೆಪ್ಟೆಂಬರ್ ಒಳಗೆ ಪ್ರವೇಶ ಮುಗಿಯದಿದ್ದರೆ ಇಡೀ ವರ್ಷ ಶೂನ್ಯವಾಗುತ್ತದೆ ಎಂಬ ಆತಂಕ. ಶುಲ್ಕವನ್ನೂ 150 ರೂಪಾಯಿಗೆ ಇಳಿಸಿದ್ದರು, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಒಂಬತ್ತು ದಿನದಲ್ಲಿ ಕ್ಯಾಮೆರಾ, ಕಂಪ್ಯೂಟರು, ಕಡಿಯದ ಇಂಟರ್ನೆಟ್ಟು, ಬೇರೆ ಯಾರೂ ಸುಳಿಯದ ಒಂದು ಕೋಣೆ, ಇಷ್ಟನ್ನೂ ಹೊಂದಿಸಿಕೊಳ್ಳಬಲ್ಲ ಮನೆ ಈ ದೇಶದಲ್ಲಿ ಯಾವುದು? ನಮ್ಮ ಹುಡುಗಿ ಅದಕ್ಕೆ ಅರ್ಜಿ ಹಾಕಲಿಲ್ಲ.

ಒಬ್ಬ ಅಭ್ಯರ್ಥಿಯ ಪೋಷಕರು ಮತ್ತು ಆ ಕಾನೂನು ಶಾಲೆಯ ಹಿಂದಿನ ಕುಲಪತಿ ಪ್ರೊ. ಆರ್. ವೆಂಕಟರಾವ್ ಸುಪ್ರೀಂ ಕೋರ್ಟಿಗೆ ಹೋದರು. ಪರೀಕ್ಷೆ ನಡೆಯಲಿ, ಆದರೆ ಫಲಿತಾಂಶ ಪ್ರಕಟಿಸಬೇಡಿ ಎಂದು ಮೊದಲು ನ್ಯಾಯಾಲಯ ಹೇಳಿತು. ಸೆಪ್ಟೆಂಬರ್ 21ರಂದು ನ್ಯಾಯಮೂರ್ತಿ ಅಶೋಕ್ ಭೂಷಣ್ ಅವರಿದ್ದ ಪೀಠ ಆ ಪ್ರಕಟಣೆಯನ್ನೇ ರದ್ದು ಮಾಡಿತು. ಕ್ಲಾಟ್ ನಡೆಸುವ ನಿಮ್ಮ ಕಾನೂನು ಶಾಲೆಗಳ ಒಕ್ಕೂಟದ ಸದಸ್ಯನಾಗಿದ್ದುಕೊಂಡು ಒಕ್ಕೂಟದ ಪರೀಕ್ಷೆಯನ್ನು ಬಿಟ್ಟುಹೋಗುವಂತಿಲ್ಲ. ಮನೆಯಲ್ಲೇ ಕೂತು ಬರೆಯುವ ಪರೀಕ್ಷೆಯಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ. ಸೌಲಭ್ಯವಿಲ್ಲದ ಎಷ್ಟೋ ವಿದ್ಯಾರ್ಥಿಗಳು ಅವಕಾಶದಿಂದಲೇ ಹೊರಗುಳಿಯುತ್ತಾರೆ ಎಂದಿತು. ನಾನು ಆ ತೀರ್ಪನ್ನು ಎರಡು ಸಲ ಓದಿದ್ದೇನೆ. ಅಟ್ಟದ ಮೂಡಲ ಮೂಲೆಯಲ್ಲಿ ಕೂತವಳ ಹೆಸರು ಅದರಲ್ಲಿ ಇಲ್ಲ, ಆದರೆ ಅದು ಅವಳ ಪರವಾಗಿ ಬಂದ ತೀರ್ಪು.

ಸೆಪ್ಟೆಂಬರ್ 28ರಂದು ಬೆಂಗಳೂರಿನ ಒಂದು ಕೇಂದ್ರದಲ್ಲಿ ಅವಳು ಕ್ಲಾಟ್ ಬರೆದಳು. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಕೆ.ಬಿ. ಕ್ರಾಸ್, ಗುಬ್ಬಿ, ತುಮಕೂರು ದಾಟಿ ಹೋದೆವು. ದಾರಿಯುದ್ದಕ್ಕೂ ಮಾಸ್ಕ್ ಹಾಕಿಕೊಂಡೇ ಇದ್ದಳು, ತೆಗೆ ಅಂದರೂ ತೆಗೆಯಲಿಲ್ಲ, ಜ್ವರ ಗಿರ ಬಂದು ಗೇಟಿನಲ್ಲಿ ತಡೆದಾರೆಂಬ ಭಯ. ಎರಡು ಗಂಟೆ, 150 ಪ್ರಶ್ನೆ, ಎಲ್ಲವೂ ಉದ್ದುದ್ದ ಗದ್ಯಭಾಗಗಳ ಮೇಲೆ, ಎಲ್ಲವೂ ಇಂಗ್ಲಿಷಿನಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಹೊರಗೆ ಬಂದು ಹೇಳಿದ್ದು ಇಷ್ಟೇ: “ಗೊತ್ತಿತ್ತು ಚಿಕ್ಕಮ್ಮ, ಓದಿ ಮುಗಿಸೋಕೆ ಆಗ್ಲಿಲ್ಲ.” ನಾಗರಬಾವಿಯಲ್ಲಿರುವ ಆ ಕಾನೂನು ಶಾಲೆಗೆ ಬೇಕಾದ ಅಂಕದ ಹತ್ತಿರಕ್ಕೂ ಬರಲಿಲ್ಲ.

ಮಾರನೆಯ ದಿನವೇ, ಸೆಪ್ಟೆಂಬರ್ 29ಕ್ಕೆ, ನಮ್ಮ ಹೈಕೋರ್ಟಿನಿಂದ ಇನ್ನೊಂದು ತೀರ್ಪು. ಬೆಂಗಳೂರಿನ ಕಾನೂನು ಶಾಲೆಯಲ್ಲಿ ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇ. 25 ಸೀಟು ಮೀಸಲಿಟ್ಟು ನಮ್ಮ ವಿಧಾನಮಂಡಲ ಆ ವರ್ಷ ಮಾಡಿದ್ದ ತಿದ್ದುಪಡಿ ರದ್ದಾಯಿತು. ಆ ಶಾಲೆ ಹುಟ್ಟಿದ್ದೇ 1986ರಲ್ಲಿ ನಮ್ಮ ವಿಧಾನಮಂಡಲ ಮಾಡಿದ ಕಾಯಿದೆಯಿಂದ ಎಂಬುದನ್ನು ನೆನೆದರೆ ನೋವಾಗುತ್ತದೆ. ಆದರೆ ನೇರವಾಗಿ ಹೇಳುತ್ತೇನೆ: ಆ ಮೀಸಲಾತಿ ಉಳಿದಿದ್ದರೂ ಅದರ ಲಾಭ ಮೊದಲು ಸಿಗುತ್ತಿದ್ದದ್ದು ಬೆಂಗಳೂರಿನ ಇಂಗ್ಲಿಷ್ ಶಾಲೆಗಳ ಮಕ್ಕಳಿಗೆ. ಹತ್ತು ವರ್ಷ ಇಲ್ಲೇ ಓದಿದ ಪ್ರಮಾಣಪತ್ರ ನಮ್ಮ ಹುಡುಗಿಯ ಬಳಿ ಇತ್ತು. ಇಲ್ಲದೆ ಹೋದದ್ದು ಆ ಎರಡು ಗಂಟೆಯ ಇಂಗ್ಲಿಷ್ ಓಟ.

ಅಲ್ಲಿ ಪಾಠ ನಡೆಯುವುದು ಇಂಗ್ಲಿಷಿನಲ್ಲಿ, ಆದ್ದರಿಂದ ಪರೀಕ್ಷೆಯೂ ಇಂಗ್ಲಿಷಿನಲ್ಲಿ ಎಂಬ ಸಮಜಾಯಿಷಿ ನನಗೆ ಗೊತ್ತು. ಇಂಗ್ಲಿಷ್ ಬೇಕೇ ಬೇಕು ಎಂದಾದರೆ ಇಂಗ್ಲಿಷಿಗೆಂದೇ ಒಂದು ಭಾಗ ಇಡಿ, ಅದರಲ್ಲಿ ಕನಿಷ್ಠ ಅಂಕ ಕೇಳಿ. ತರ್ಕ, ಕಾನೂನಿನ ವಿವೇಚನೆ, ಲೆಕ್ಕ, ಪ್ರಚಲಿತ ವಿದ್ಯಮಾನ, ಇವುಗಳನ್ನು ಮಗು ಯೋಚಿಸುವ ಭಾಷೆಯಲ್ಲೇ ಕೇಳಿದರೆ ಯಾವ ಮಟ್ಟ ಕುಸಿಯುತ್ತದೆ? ನೀವು ತಯಾರು ಮಾಡುವ ವಕೀಲರು ಕಡೆಗೆ ನಿಲ್ಲಬೇಕಾದ ಜಾಗ ಯಾವುದು ಎಂದೂ ಕೇಳುತ್ತೇನೆ. ನಮ್ಮ ತಾಲ್ಲೂಕು ನ್ಯಾಯಾಲಯದ ಭಾಷೆ ಕನ್ನಡ. ಸಾಕ್ಷಿ ಕಟ್ಟೆಯಲ್ಲಿ ನಿಂತ ಅಜ್ಜಿ, “ಸ್ವಾಮಿ, ಬಡಗಲ ಬದುವಿಂದ ಮೂರನೇ ಸಾಲು ನಮ್ಮಾವ ನೆಟ್ಟಿದ್ದು, ಆಗ ನನ್ನ ಮಗ ಹೊಟ್ಟೇಲಿದ್ದ” ಎನ್ನುತ್ತಾಳೆ. ಆ ಒಂದು ಮಾತಿನಲ್ಲಿ ಸ್ವಾಧೀನದ ಅವಧಿ, ಚಕ್ಕುಬಂದಿ, ಮರದ ವಯಸ್ಸು ಮೂರೂ ಇವೆ. ಅದನ್ನು ಕೇಳಿಸಿಕೊಳ್ಳಬಲ್ಲ ವಕೀಲಳು ಬೇಕಲ್ಲ.

ಶುಲ್ಕದ ವಿಷಯವನ್ನೂ ಹೇಳಿಬಿಡುತ್ತೇನೆ. ಆ ವರ್ಷ ಕ್ಲಾಟ್ ಅರ್ಜಿಗೆ 4,000 ರೂಪಾಯಿ, ಪರಿಶಿಷ್ಟರಿಗೆ 3,500. ಅದೇ ವರ್ಷ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಇಟ್ಟಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 10,300. ಅಂದರೆ ಒಂದು ಅರ್ಜಿಗೆ ಮೂವತ್ತೊಂಬತ್ತು ಕಿಲೋ ಕೊಬ್ಬರಿ. ಕಿಲೋಗೆ ಏಳೆಂಟು ಉಂಡೆ ತೂಗುತ್ತವೆ. ಹತ್ತಿರ ಹತ್ತಿರ ಮುನ್ನೂರು ಕಾಯಿ. ನುಸಿ ಬಡಿದ, ಮಳೆ ನಂಬಿದ ತೋಟದಲ್ಲಿ ಅದು ನಾಲ್ಕೈದು ಮರದ ಇಡೀ ವರ್ಷದ ಫಸಲು. ಕೆಡವಿದವನ ಕೂಲಿ, ಸುಲಿದವನ ಕೂಲಿ, ಒಡೆದು ಸಿಪ್ಪೆ ಕರಟ ಬಿಡಿಸಿದ ಹೆಂಗಸರ ಕೂಲಿ ಇನ್ನೂ ಬೇರೆ. ಭಾವ ಕೊಡುವಾಗ ಒಂದು ಮಾತೂ ಆಡಲಿಲ್ಲ. ಆದರೆ ಅಟ್ಟದಲ್ಲಿ ಇನ್ನೊಂದೆರಡು ತಿಂಗಳು ಬಿಡಬೇಕಿದ್ದ ಒಂದು ಲಾಟು ಕಾಯನ್ನು ಮೊದಲೇ ಇಳಿಸಿ ಎಳನೀರಿನವರಿಗೂ ಬೇಡದ, ಮಂಡಿಗೂ ಬೇಡದ ದರಕ್ಕೆ ಕೊಟ್ಟರೆಂದು ಅಕ್ಕ ಆಮೇಲೆ ಹೇಳಿದಳು.

ಹುಡುಗಿ ಕಾನೂನು ಬಿಡಲಿಲ್ಲ. ತುಮಕೂರಿನ ಒಂದು ಕಾಲೇಜಿನಲ್ಲಿ ಐದು ವರ್ಷದ ಪದವಿಗೆ ಸೇರಿದಳು. ನಮ್ಮ ರಾಜ್ಯದ ಇಂಥ ಕಾಲೇಜುಗಳು ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಪಿಯುಸಿ ಅಂಕವೇ ಪ್ರವೇಶ, ಉತ್ತರವನ್ನು ಕನ್ನಡದಲ್ಲೂ ಬರೆಯಬಹುದು. ಈ ಎರಡು ಅನುಕೂಲ ಇಲ್ಲದಿದ್ದರೆ ಈ ಮೂರು ತಾಲ್ಲೂಕಿನಿಂದ ಎಷ್ಟು ಹೆಣ್ಣುಮಕ್ಕಳು ಕರಿಕೋಟು ಹಾಕುತ್ತಿದ್ದರು ಎಂದು ಯೋಚಿಸಲೂ ಮನಸ್ಸು ಬರುವುದಿಲ್ಲ. ಅಲ್ಲೂ ಆ ಕಾಲ ಸುಖವಾಗೇನೂ ಇರಲಿಲ್ಲ. ಮೊದಲ ವರ್ಷದ ಪಾಠ ಅದೇ ಅಟ್ಟದಲ್ಲಿ, ಫೋನಿನಲ್ಲಿ. ಸೆಮಿಸ್ಟರ್ ಪರೀಕ್ಷೆ ನಡೆಸಬೇಕೆ, ಹಾಗೇ ತೇರ್ಗಡೆ ಮಾಡಬೇಕೆ ಎಂಬ ತಕರಾರು ಹೈಕೋರ್ಟಿನವರೆಗೂ ಹೋಯಿತು. ಕಾನೂನು ವಿದ್ಯಾರ್ಥಿಗಳು ತಮ್ಮ ಮೊದಲ ರಿಟ್ ಅರ್ಜಿಯನ್ನು ತಮಗಾಗಿಯೇ ಓದಿ ಕಲಿತ ಕಾಲ ಅದು.

ಅವಳ ನಂತರದ ಸಾಲಿನವರದು ಇನ್ನೊಂದು ಬಗೆ. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆಯೇ ರದ್ದಾಯಿತು, ಎಸ್ಸೆಸ್ಸೆಲ್ಸಿಯ ಶೇ. 45, ಪ್ರಥಮ ಪಿಯುವಿನ ಶೇ. 45, ಆಂತರಿಕ ಮೌಲ್ಯಮಾಪನದ ಶೇ. 10 ಸೇರಿಸಿ ಅಂಕ ಕೊಟ್ಟರು. ಪ್ರಥಮ ಪಿಯುವಿನಲ್ಲಿ ಆಟವಾಡಿ, ದ್ವಿತೀಯಕ್ಕೆ ಬಂದ ಮೇಲೆ ಹಟ ಹಿಡಿದು ಓದಿದ ಮಕ್ಕಳಿಗೆ ಆ ಓದಿನ ಲೆಕ್ಕವೇ ಸಿಗಲಿಲ್ಲ. ಅಂಥವರಲ್ಲಿ ಇಬ್ಬರು ನನ್ನ ಕಚೇರಿಗೆ ಬಂದು, ಇದನ್ನು ಪ್ರಶ್ನಿಸಬಹುದೇ ಎಂದು ಕೇಳಿದ್ದರು.

ಈಗ ರೋಗ ಹೋಗಿದೆ. ಆದರೆ 2022ರ ಡಿಸೆಂಬರಿನಿಂದ ನೀವು ಕ್ಲಾಟ್ ಅನ್ನು ಡಿಸೆಂಬರಿಗೇ ಇಟ್ಟುಕೊಂಡಿದ್ದೀರಿ. ಪಿಯುಸಿ ಪರೀಕ್ಷೆಗೂ ಮೊದಲು. ಮುಂದೇನು ಓದಬೇಕೆಂದು ನಮ್ಮ ಕಡೆ ತೀರ್ಮಾನವಾಗುವುದು ಫಲಿತಾಂಶ ಬಂದ ಮೇಲೆ, ಅಪ್ಪ ಅಂಕಪಟ್ಟಿ ನೋಡಿ, ಕೊಬ್ಬರಿ ರೇಟು ನೋಡಿ. ಅಷ್ಟರಲ್ಲಿ ನಿಮ್ಮ ಬಾಗಿಲು ಮುಚ್ಚಿ ನಾಲ್ಕೈದು ತಿಂಗಳಾಗಿರುತ್ತದೆ. ಹೀಗೊಂದು ಪರೀಕ್ಷೆ ಇದೆ ಎಂಬುದು ಮಕ್ಕಳಿಗೆ ಗೊತ್ತಾಗುವುದೂ ಆಗಲೇ.

ಆದ್ದರಿಂದ ನನ್ನ ಪ್ರಾರ್ಥನೆ. ದಾವೆಯ ಕೊನೆಯಲ್ಲಿ ಬರೆಯುವ ಪರಿಹಾರದ ಕೋರಿಕೆಯಂತೆಯೇ ಇದನ್ನು ಓದಿಕೊಳ್ಳಿ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗಲಿ. ಫಲಿತಾಂಶ ಬಂದ ಮೇಲೆ ಅರ್ಜಿ ಹಾಕುವವರಿಗೂ ಒಂದು ಸುತ್ತು ಇರಲಿ. ಶುಲ್ಕ ನೂರೈವತ್ತರ ಆಸುಪಾಸಿಗೆ ಬರಲಿ. ಒಂದು ಸಂಸ್ಥೆ ಒಂದು ಸಲ ಅದನ್ನು ಮಾಡಿ ತೋರಿಸಿದೆ. ಇನ್ನೊಮ್ಮೆ ದೇಶ ಬಾಗಿಲು ಹಾಕುವ ಕಾಲ ಬಂದರೆ, ದಿನಾಂಕ ಬದಲಿಸುವಾಗ ಕನಿಷ್ಠ 30 ದಿನದ ನೋಟಿಸು ಕೊಡಿ. ಮೇಲ್ಮನವಿಗೆ ಕೊಡುವಷ್ಟು.

ಈ ಪತ್ರ ಬರೆಯುವಾಗ ಅವಳು ಎದುರು ಮೇಜಿನಲ್ಲಿ ಒಂದು ಪಾಲು ದಾವೆಯ ಕರಡು ತಿದ್ದುತ್ತಿದ್ದಾಳೆ. ಹೊನ್ನವಳ್ಳಿ ಹೋಬಳಿಯ ಮೂವರು ಅಕ್ಕತಂಗಿಯರದು. ಷೆಡ್ಯೂಲಿನಲ್ಲಿ ಎರಡು ಎಕರೆ ಹದಿನಾಲ್ಕು ಗುಂಟೆ ಎಂದು ಬರೆದು ನಾನು ನಿಲ್ಲಿಸಿದ್ದೆ. ಅವಳು ಅದರ ಮುಂದೆ ಪೆನ್ಸಿಲಿನಲ್ಲಿ ಸೇರಿಸಿದ್ದಾಳೆ: “ಅದರಲ್ಲಿರುವ ಫಲಭರಿತ ತೆಂಗಿನ ಮರಗಳು 96, ಹಾಗೂ ಕೊಬ್ಬರಿ ಮನೆಯ ಅಟ್ಟದಲ್ಲಿರುವ ಕಾಯಿ.” ಆ ಅಕ್ಕತಂಗಿಯರು ಅಟ್ಟದ ಕಾಯಿಯ ಮಾತು ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ.

ಇಂತಿ,
ತಿಪಟೂರಿನ ಒಬ್ಬ ವಕೀಲಳು